ಶಾಲೆ ಬಿಟ್ಟು ಸಣ್ಣ ಸಾಫ್ಟ್‌ವೇರ್ ಉದ್ದಿಮೆಗೆ: ಯಾವ ದಾರಿ ಯಾರಿಗೆ?

ಮಾರ್ಚ್ ಕೊನೆಯ ವಾರ ಬಂತೆಂದರೆ ನನಗೆ ಶಿಕ್ಷಕ ಮಿತ್ರರ ಕರೆಗಳು ಹೆಚ್ಚುತ್ತವೆ. ಮೇಜಿನ ಮೇಲೆ ಉತ್ತರ ಪತ್ರಿಕೆಗಳ ಕಟ್ಟು, ಮುಂದಿನ ವರ್ಷ ಯಾರಿಗೆ ಯಾವ ತರಗತಿ ಎಂಬ ಮಾತು, ಆಡಳಿತ ಮಂಡಳಿ ಈ ಸಲವಾದರೂ ಸಂಬಳ ಏರಿಸೀತೇ ಎಂಬ ನಿರೀಕ್ಷೆ. ಇವೆಲ್ಲದರ ನಡುವೆ ಒಬ್ಬರು ಕೇಳುತ್ತಾರೆ: "ಸರ್, ನಾನೂ ಒಂದು ತಂತ್ರಾಂಶ ಬರೆದಿದ್ದೇನೆ. ನೋಡಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ಕೆಲಸ ಬಿಟ್ಟು ಇದನ್ನೇ ಮಾಡಲೇ?"

ನಾನು ಶಿವಮೊಗ್ಗದ ಒಂದು ಅನುದಾನರಹಿತ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷ ಗಣಿತ ಕಲಿಸಿದವನು. 2023ರ ಮೇ ತಿಂಗಳಲ್ಲಿ ಕೆಲಸ ಬಿಟ್ಟೆ. ಈಗ ನಾನೂ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳೂ ಸೇರಿ ಶಾಲೆಗಳಿಗೆ ಅಂಕಪಟ್ಟಿಯ ತಂತ್ರಾಂಶವನ್ನು, ಅಡಿಕೆ ಮಂಡಿಗಳಿಗೆ ಲೆಕ್ಕದ ತಂತ್ರಾಂಶವನ್ನು ಮಾಡಿ ಮಾರುತ್ತೇವೆ. ಕರೆ ಮಾಡುವವರಿಗೆ ನಾನು ಹೇಳುವುದನ್ನೆಲ್ಲ ಒಂದೆಡೆ ಬರೆದಿಡೋಣವೆಂದು ಕುಳಿತಿದ್ದೇನೆ.

ಮೊದಲು ಒಂದು ಅಳತೆಗೋಲು. ಬಿಡಬೇಕೇ ಬೇಡವೇ ಎಂಬ ಪ್ರಶ್ನೆಗೆ ಮುಂಚೆ ಇನ್ನೊಂದನ್ನು ಕೇಳಿಕೊಳ್ಳಬೇಕು: ನಿಮ್ಮ ಪರಿಚಯವೇ ಇಲ್ಲದ ಒಬ್ಬರು ನಿಮ್ಮ ತಂತ್ರಾಂಶಕ್ಕೆ ಎರಡನೆಯ ವರ್ಷವೂ ಹಣ ಕೊಟ್ಟಿದ್ದಾರೆಯೇ? ಸಹೋದ್ಯೋಗಿಗಳ ಮೆಚ್ಚುಗೆ ಲೆಕ್ಕಕ್ಕಿಲ್ಲ. ಮೊದಲ ವರ್ಷದ ಹಣವೂ ಅಷ್ಟಾಗಿ ಲೆಕ್ಕಕ್ಕಿಲ್ಲ, ಏಕೆಂದರೆ "ಪಾಪ, ಮೇಷ್ಟ್ರು ಕಷ್ಟಪಟ್ಟು ಮಾಡಿದ್ದಾರೆ" ಎಂಬ ಪ್ರೀತಿಗೂ ಜನ ಒಮ್ಮೆ ಹಣ ಕೊಡುತ್ತಾರೆ. ಎರಡನೆಯ ಸಲ ಕೊಡುವುದು ಅದಿಲ್ಲದೆ ಕೆಲಸ ನಡೆಯುವುದಿಲ್ಲ ಎನಿಸಿದಾಗ ಮಾತ್ರ.

ಇದು ನನಗೆ ಮನದಟ್ಟಾದದ್ದು ತೀರ್ಥಹಳ್ಳಿ ಕಡೆಯ ಒಂದು ಶಾಲೆಯಿಂದ. ಅಕ್ಟೋಬರಿನ ಒಂದು ರಾತ್ರಿ ಒಂಬತ್ತು ಗಂಟೆಗೆ ಅಲ್ಲಿಯ ಮುಖ್ಯ ಶಿಕ್ಷಕಿ ಕರೆ ಮಾಡಿದರು. ಮೊದಲ ಸಂಕಲನಾತ್ಮಕ ಮೌಲ್ಯಮಾಪನದ, ಎಂದರೆ ಅರ್ಧವಾರ್ಷಿಕ ಪರೀಕ್ಷೆಯ, ಅಂಕಪಟ್ಟಿ ಮುದ್ರಿಸಿದ್ದರು. ಬೆಳಿಗ್ಗೆ ಪೋಷಕರ ಸಭೆ. ಪಟ್ಟಿಯಲ್ಲಿ ಕೀರ್ತನಾ ಎಂಬ ಹುಡುಗಿ "ಕೀತರ್ನಾ" ಆಗಿದ್ದಳು, ಸೂರ್ಯ "ಸೂಯರ್" ಆಗಿದ್ದ. ಕಾರಣ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಶಾಲೆಯ ಹಳೆಯ ದಾಖಲಾತಿ ಪಟ್ಟಿ 'ನುಡಿ' ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಫಾಂಟಿನಲ್ಲಿ ಇತ್ತು. ಅದರಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಹಾಗೆಯೇ ಅಕ್ಷರದ ನಂತರ ಕುಳಿತಿರುತ್ತದೆ; ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸಲು ನಾನು ಬರೆದ ಕೋಡ್ ಅದನ್ನು ಅಕ್ಷರದ ಮೊದಲಿಗೆ ಸರಿಸುತ್ತಿರಲಿಲ್ಲ. ಎಷ್ಟೋ ಜಾಲತಾಣಗಳಲ್ಲಿ "ಕನಾರ್ಟಕ" ಎಂದು ಕಾಣಿಸುವುದೂ ಇದೇ ತಪ್ಪಿನಿಂದ. ಹನ್ನೊಂದೂವರೆಗೆ ಸರಿಪಡಿಸಿ ಕಳುಹಿಸಿದೆ. ಅವರು ಆ ರಾತ್ರಿಯೇ ನಲವತ್ತೆರಡು ಪಟ್ಟಿಗಳನ್ನು ಮತ್ತೆ ಮುದ್ರಿಸಿದರು. ಮುಂದಿನ ಜೂನ್‌ನಲ್ಲಿ ನಾನು ಕೇಳುವ ಮೊದಲೇ ಹಣ ಬಂತು. ಆ ಶಾಲೆಯಲ್ಲಿ ನನಗೆ ಮೊದಲಿನಿಂದ ಪರಿಚಯವಿದ್ದವರು ಯಾರೂ ಇರಲಿಲ್ಲ.

ಆಗ ನಾನು ಇನ್ನೂ ಶಿಕ್ಷಕನಾಗಿದ್ದೆ. ಮರುದಿನ ಬೆಳಿಗ್ಗೆ ಮೊದಲ ಅವಧಿಯಲ್ಲಿ ತ್ರಿಕೋನಮಿತಿ ಕಲಿಸುವಾಗ ನಿದ್ದೆಯಿಂದ ಕಣ್ಣು ಮುಚ್ಚುತ್ತಿದ್ದವು. ಹತ್ತನೆಯ ತರಗತಿಯ ಮಕ್ಕಳಿಗೆ ನಾನು ಆ ದಿನ ಮೋಸ ಮಾಡಿದೆ ಎಂದು ಈಗಲೂ ಅನ್ನಿಸುತ್ತದೆ. ದಾರಿಗಳನ್ನು ಹೋಲಿಸುವಾಗ ಈ ಎರಡನ್ನೂ, ಬಂದ ಹಣವನ್ನೂ ತೂಗಿದ ಕಣ್ಣನ್ನೂ, ಒಟ್ಟಿಗೆ ಎದುರಿಗಿಟ್ಟುಕೊಳ್ಳಿ.

ಕೆಲಸದಲ್ಲಿದ್ದುಕೊಂಡೇ ಮಾಡುವುದು

ಖಾಸಗಿ ಶಾಲೆಯವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಸಂಬಳ ನಿಲ್ಲುವುದಿಲ್ಲ, ಗಿರಾಕಿಯ ಮುಂದೆ ಗಡಿಬಿಡಿಯಿಂದ ಬೆಲೆ ಇಳಿಸಬೇಕಾದ ಒತ್ತಡವಿರುವುದಿಲ್ಲ, ಏಪ್ರಿಲ್–ಮೇ ರಜೆ ಮತ್ತು ದಸರಾ ರಜೆ ಕೈಯಲ್ಲಿರುತ್ತವೆ. ಆದರೆ ನಿಮ್ಮ ನೇಮಕಾತಿ ಪತ್ರವನ್ನು ಹೊರತೆಗೆದು ಓದಿ. ಮನೆಪಾಠವನ್ನಾಗಲಿ ಬೇರೆ ಉದ್ಯೋಗವನ್ನಾಗಲಿ ಮಾಡುವಂತಿಲ್ಲ ಎಂಬ ಸಾಲು ಬಹಳ ಪತ್ರಗಳಲ್ಲಿ ಇರುತ್ತದೆ. ಇದ್ದರೆ ಕಾರ್ಯದರ್ಶಿಯವರನ್ನು ಕಂಡು ಬರವಣಿಗೆಯಲ್ಲಿ ಅನುಮತಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಕಾರ್ಯದರ್ಶಿ ಬದಲಾದ ದಿನ ಹೋಗುತ್ತದೆ.

ಇನ್ನೊಂದು ವಿಷಯವನ್ನು ಬಹುತೇಕರು ಯೋಚಿಸಿಯೇ ಇರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದ ಭಾಗವಾಗಿ ಮಾಡಿದ ಕೃತಿಯ ಹಕ್ಕು ಉದ್ಯೋಗದಾತರದು. ಕಂಪ್ಯೂಟರ್ ಪ್ರೋಗ್ರಾಂ ಕೂಡ ಈ ಲೆಕ್ಕಕ್ಕೆ ಬರುತ್ತದೆ. ಗಣಿತ ಕಲಿಸಲು ನೇಮಕವಾದವನು ಮನೆಯಲ್ಲಿ ತನ್ನ ಲ್ಯಾಪ್‌ಟಾಪ್‌ನಲ್ಲಿ ಬರೆದದ್ದು ಅವನದೇ ಎಂದು ಗಟ್ಟಿಯಾಗಿ ವಾದಿಸಬಹುದು. ಆದರೆ ಮುಖ್ಯ ಶಿಕ್ಷಕರು ಕೇಳಿದರೆಂದು, ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ, ಶಾಲೆಯ ಹೊತ್ತಿನಲ್ಲಿ ಬರೆದದ್ದಾದರೆ ತಕರಾರು ಬಂದೇ ಬರುತ್ತದೆ. ಆರಂಭದಲ್ಲಿಯೇ ಒಂದು ಪುಟದ ಪತ್ರ ಮಾಡಿಕೊಳ್ಳಿ: ತಂತ್ರಾಂಶ ನಿಮ್ಮದು, ಶಾಲೆಗೆ ಉಚಿತ ಬಳಕೆ. ಹೆಚ್ಚಿನ ಆಡಳಿತ ಮಂಡಳಿಗಳು ಇದಕ್ಕೆ ಸಂತೋಷದಿಂದಲೇ ಸಹಿ ಹಾಕುತ್ತವೆ.

ಸರ್ಕಾರಿ ಶಾಲೆಯವರಿಗೆ ಈ ದಾರಿ ಬಹುಮಟ್ಟಿಗೆ ಮುಚ್ಚಿದೆ. ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳು ಪೂರ್ವಾನುಮತಿಯಿಲ್ಲದೆ ವ್ಯಾಪಾರ ವಹಿವಾಟು ನಡೆಸುವುದನ್ನು ನಿಷೇಧಿಸುತ್ತವೆ. "ಹೆಂಡತಿಯ ಹೆಸರಿನಲ್ಲಿ ಮಾಡುತ್ತೇನೆ" ಎನ್ನುವವರು ತುಂಬ ಜನ. ಕುಟುಂಬದವರು ವ್ಯಾಪಾರ ಮಾಡುವುದು ತಪ್ಪಲ್ಲ, ಆದರೆ ಅದನ್ನು ಇಲಾಖೆಗೆ ತಿಳಿಸಬೇಕು, ಅವರ ಪರವಾಗಿ ನೀವು ಗಿರಾಕಿ ಹಿಡಿಯುವಂತಿಲ್ಲ. ಪಕ್ಕದ ಊರಿನ ಶಾಲೆಗೆ ನೀವೇ ಹೋಗಿ ತಂತ್ರಾಂಶ ತೋರಿಸಿದ ದಿನ, ಯಾರ ಹೆಸರಿನಲ್ಲಿ ಬಿಲ್ ಇದ್ದರೂ, ವ್ಯಾಪಾರ ಮಾಡಿದವರು ನೀವೇ. ಸರ್ಕಾರಿ ಶಿಕ್ಷಕರಿಗೆ ನಾನು ಹೇಳುವುದು ಇಷ್ಟೇ: ಬರೆಯಿರಿ, ಕಲಿಯಿರಿ, ಉಚಿತವಾಗಿ ಹಂಚಿರಿ, ಐವತ್ತು ಶಾಲೆಗಳಲ್ಲಿ ಬಳಕೆಯಾಗಲಿ. ಹಣದ ಪರೀಕ್ಷೆ ನಿಮಗೆ ಸಾಧ್ಯವಿಲ್ಲ. ಅದರ ಬದಲು ಎರಡನೆಯ ವರ್ಷ ಕೇಳದೆಯೇ ಮತ್ತೆ ಬಳಸಿದವರು ಎಷ್ಟು ಜನ ಎಂದು ಎಣಿಸಿ.

ರಜೆ ಹಾಕುವುದು, ಅರ್ಧ ಕೆಲಸ ಉಳಿಸಿಕೊಳ್ಳುವುದು

ಸರ್ಕಾರಿ ನೌಕರರಿಗೆ ವೇತನರಹಿತ ಅಸಾಧಾರಣ ರಜೆಯ ಅವಕಾಶವಿದೆ. ಆದರೆ ರಜೆಯಲ್ಲಿದ್ದರೂ ನೀವು ಸರ್ಕಾರಿ ನೌಕರರೇ, ನಡತೆ ನಿಯಮ ರಜೆ ಹಾಕುವುದಿಲ್ಲ. ಇದನ್ನು ಉದ್ದಿಮೆಯ ತಾಲೀಮಿಗೆ ಬಳಸಲು ಹೋಗಬೇಡಿ.

ಖಾಸಗಿ ಶಾಲೆಯಲ್ಲಿ ಮಾತ್ರ ಇದು ಒಳ್ಳೆಯ ದಾರಿ, ಆದರೂ ಕೇಳುವವರು ಕಡಿಮೆ. ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸುವವರು ಸುಲಭಕ್ಕೆ ಸಿಗುವುದಿಲ್ಲ. "ಪೂರ್ಣ ಕೆಲಸ ಬಿಡುತ್ತೇನೆ, ಹತ್ತನೆಯ ತರಗತಿಯ ಅವಧಿಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ" ಎಂದರೆ ಒಪ್ಪುವ ಆಡಳಿತ ಮಂಡಳಿಗಳಿವೆ. ಮನೆಯ ದಿನಸಿ, ಹಾಲು, ಕರೆಂಟಿನ ಖರ್ಚಾದರೂ ಅದರಿಂದ ಹೊರಡುತ್ತದೆ. ನಷ್ಟವೂ ಉಂಟು. ಪೂರ್ಣಾವಧಿಯಿಂದ ಅತಿಥಿ ಶಿಕ್ಷಕರಾದೊಡನೆ ಭವಿಷ್ಯ ನಿಧಿ ನಿಲ್ಲಬಹುದು, ಸೇವೆಯ ನಿರಂತರತೆ ತುಂಡಾಗಬಹುದು. ಆದ್ದರಿಂದ ಬದಲಾಗುವ ಮೊದಲೇ ಬರಬೇಕಾದ ಬಾಕಿಯನ್ನು ಚುಕ್ತಾ ಮಾಡಿಸಿಕೊಳ್ಳಿ.

ಮೊದಲು ಕಂಪನಿ ಸೇರಿ ಕಲಿಯುವುದು

ನನ್ನ ಜೊತೆಗಿದ್ದ ಭೌತಶಾಸ್ತ್ರದ ಶಿಕ್ಷಕರೊಬ್ಬರು ಹೀಗೆ ಮಾಡಿದರು. ಬೆಂಗಳೂರಿಗೆ ಹೋಗಿ ತಂತ್ರಾಂಶ ಪರೀಕ್ಷಕರಾಗಿ ಎರಡು ವರ್ಷ ದುಡಿದು ಬಂದರು. ನಾನು ಪೆಟ್ಟು ತಿಂದು ಕಲಿತದ್ದನ್ನು ಅವರು ಸಂಬಳ ತೆಗೆದುಕೊಂಡು ಕಲಿತರು: ಕೋಡಿನ ಹಳೆಯ ಆವೃತ್ತಿಗಳನ್ನು ಕಾಪಾಡುವುದು, ದಿನವೂ ಬ್ಯಾಕಪ್ ತೆಗೆಯುವುದು, ಗಿರಾಕಿ ಕೇಳಿದ ಬದಲಾವಣೆಗೆ ಎಷ್ಟು ದಿನ ಹಿಡಿಯುತ್ತದೆಂದು ಅಂದಾಜು ಬರೆದುಕೊಡುವುದು. ಮೊದಲ ಬಾರಿ ಒಂದು ಶಾಲೆಯ ಇಡೀ ವರ್ಷದ ಅಂಕ ಕಳೆದುಕೊಂಡಾಗ ನನಗೆ ಅವರ ನೆನಪಾಗಿತ್ತು.

ಆದರೆ ಕಂಪನಿಯ ಒಪ್ಪಂದವನ್ನು ಓದದೆ ಸೇರಬೇಡಿ. ಉದ್ಯೋಗದಲ್ಲಿರುವಾಗ ನೀವು ಬರೆದದ್ದೆಲ್ಲ ಕಂಪನಿಗೆ ಸೇರಿದ್ದು, ಹೊರಗೆ ಬೇರೆ ಕೆಲಸ ಮಾಡುವಂತಿಲ್ಲ ಎಂಬ ಷರತ್ತು ಅಲ್ಲಿ ಸಾಮಾನ್ಯ. ನಿಮ್ಮ ತಂತ್ರಾಂಶ ಈಗಾಗಲೇ ಇದ್ದರೆ, ಅದು ಮೊದಲೇ ನಿಮ್ಮದೆಂದು ಸೇರುವ ಮುನ್ನವೇ ಬರೆಸಿಕೊಳ್ಳಬೇಕು. ಈಗಾಗಲೇ ಗಿರಾಕಿಗಳಿರುವವರಿಗೆ ಈ ದಾರಿ ಬೇಡವೆಂದೇ ನನ್ನ ಅಭಿಪ್ರಾಯ. ಎರಡು ವರ್ಷ ಅವರ ಕರೆ ಯಾರು ತೆಗೆಯುತ್ತಾರೆ? ಇನ್ನೂ ಏನನ್ನೂ ಮಾರದ, ಮೂವತ್ತರ ಒಳಗಿನ, ಬೆಂಗಳೂರಿನ ಬಾಡಿಗೆ ಕಟ್ಟಿಯೂ ಉಳಿಸಬಲ್ಲ ಶಿಕ್ಷಕರಿಗೆ ಇದು ಹೇಳಿ ಮಾಡಿಸಿದ್ದು.

ರಾಜೀನಾಮೆ: ಕೈಗೆ ಬರುವುದೇನು, ಹೋಗುವುದೇನು

ಇಲ್ಲಿ ಸರ್ಕಾರಿ ಮತ್ತು ಖಾಸಗಿ ಶಿಕ್ಷಕರ ನಡುವೆ ಅಜಗಜಾಂತರ. ಒಬ್ಬರ ಸಲಹೆ ಇನ್ನೊಬ್ಬರಿಗೆ ಹೊಂದುವುದಿಲ್ಲ.

ಸರ್ಕಾರಿ ಸೇವೆಯಲ್ಲಿರುವವರು ರಾಜೀನಾಮೆ ಎಂಬ ಪದವನ್ನು ಬರೆಯುವ ಮುನ್ನ ಹತ್ತು ಸಲ ಯೋಚಿಸಬೇಕು. ಹಳೆಯ ಪಿಂಚಣಿ ವ್ಯವಸ್ಥೆಯವರು, ಎಂದರೆ 2006ರ ಏಪ್ರಿಲ್ 1ಕ್ಕಿಂತ ಮೊದಲು ಸೇರಿದವರು, ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಪಿಂಚಣಿಯ ಲೆಕ್ಕದಿಂದ ಹೋಗುತ್ತದೆ. ನಿಗದಿತ ಅರ್ಹ ಸೇವೆ ಮುಗಿದಿದ್ದರೆ ಸ್ವಯಂ ನಿವೃತ್ತಿ ಪಡೆದು ಪಿಂಚಣಿಯೊಂದಿಗೆ ಹೊರಬರಬಹುದು. ಎರಡೂ ಪತ್ರಗಳ ಉದ್ದ ನಾಲ್ಕೇ ಸಾಲು, ನಡುವಿನ ಅಂತರ ಮಾತ್ರ ಇಡೀ ಬಾಳಿನದು. ಅಂದಿನಿಂದ ಸೇರಿದವರಲ್ಲಿ ಬಹುತೇಕರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಲ್ಲಿದ್ದಾರೆ. ಅವಧಿಗೆ ಮುನ್ನ ಹೊರಬಂದು ಹಣ ತೆಗೆದರೆ, ಸಣ್ಣ ಮೊತ್ತವಲ್ಲದಿದ್ದಲ್ಲಿ, ಶೇ. 80ರಷ್ಟನ್ನು ವರ್ಷಾಶನಕ್ಕೆ, ಎಂದರೆ ಕಂತಿನಲ್ಲಿ ಪಿಂಚಣಿ ಕೊಡುವ ವಿಮಾ ಯೋಜನೆಗೆ, ಹಾಕಬೇಕು. ಕೈಗೆ ಬರುವುದು ಶೇ. 20 ಮಾತ್ರ. ಖಾತೆಯಲ್ಲಿ ಹದಿನೈದು ಲಕ್ಷ ಕಾಣುತ್ತಿದೆ, ಅದನ್ನೇ ಬಂಡವಾಳ ಮಾಡುತ್ತೇನೆ ಎಂದುಕೊಂಡಿದ್ದ ಮಿತ್ರರೊಬ್ಬರಿಗೆ ಈ ಲೆಕ್ಕ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಮೂರು ಲಕ್ಷದಲ್ಲಿ ಶುರು ಮಾಡಬಲ್ಲಿರಾ ಎಂದು ಕೇಳಿದೆ. ಅವರು ಇನ್ನೂ ಶಾಲೆಯಲ್ಲಿದ್ದಾರೆ, ಅದು ಸರಿಯಾದ ನಿರ್ಧಾರವೇ.

ಖಾಸಗಿ ಶಾಲೆಯವರಿಗೆ ಸಿಗುವುದು ಕಡಿಮೆ, ಆದರೆ ಸಿಗಬೇಕಾದದ್ದನ್ನೂ ಬಿಟ್ಟು ಬರುವವರೇ ಹೆಚ್ಚು. ಗ್ರಾಚ್ಯುಟಿಯ, ಎಂದರೆ ಕೆಲಸ ಬಿಡುವಾಗ ಶಾಲೆ ಕೊಡಬೇಕಾದ ಇಡಿಗಂಟಿನ, ವಿಷಯವನ್ನೇ ನೋಡಿ. ನಾನು ಕೇಳಿದಾಗ ಶಾಲೆಯ ಕಚೇರಿಯಲ್ಲಿ "ಶಿಕ್ಷಕರಿಗೆ ಅದು ಅನ್ವಯಿಸುವುದಿಲ್ಲ" ಎಂದರು. ಒಂದು ಕಾಲದಲ್ಲಿ ಅದು ನಿಜವಾಗಿತ್ತು. 2009ರಲ್ಲಿ ಸಂಸತ್ತು 1972ರ ಗ್ರಾಚ್ಯುಟಿ ಕಾಯ್ದೆಗೆ ತಿದ್ದುಪಡಿ ತಂದು 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಶಿಕ್ಷಕರನ್ನು ಒಳಗೆ ತಂದಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದವು; 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಐದು ವರ್ಷ ನಿರಂತರ ಸೇವೆ ಮಾಡಿದವರಿಗೆ, ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ. ನನ್ನ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 20,800 ರೂಪಾಯಿ. 26ರಿಂದ ಭಾಗಿಸಿದರೆ ದಿನಕ್ಕೆ 800. ಅದನ್ನು ಹದಿನೈದರಿಂದ, ಮತ್ತೆ ಹನ್ನೊಂದು ವರ್ಷದಿಂದ ಗುಣಿಸಿದರೆ 1,32,000. ತೀರ್ಪಿನ ವಿಷಯ ಬರೆದು ಅರ್ಜಿ ಕೊಟ್ಟ ಮೇಲೆ ಆ ಹಣ ಬಂತು. ನನ್ನ ಮೊದಲ ಐದು ತಿಂಗಳು ನಡೆದದ್ದು ಅದರಿಂದಲೇ.

ಭವಿಷ್ಯ ನಿಧಿಯನ್ನು ಮುಟ್ಟಬೇಡಿ. ಐದು ವರ್ಷದ ಸೇವೆಗೆ ಮುನ್ನ ತೆಗೆದರೆ ತೆರಿಗೆ ಬೀಳುತ್ತದೆ. ಭವಿಷ್ಯ ನಿಧಿಯ ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ತುಂಬಿದರೆ 58ರ ನಂತರ ತಿಂಗಳ ಪಿಂಚಣಿಗೆ ಅರ್ಹತೆ ಬರುತ್ತದೆ. ಒಂಬತ್ತು ವರ್ಷ ಆಗಿರುವವರು ಇನ್ನೊಂದು ವರ್ಷ ಕಾಯುವುದು ಲೇಸು.

ಮನೆಯವರ ಹೆಸರಿನಲ್ಲಿ ಆರೋಗ್ಯ ವಿಮೆಯನ್ನು ಸಂಬಳ ಬರುತ್ತಿರುವಾಗಲೇ ಮಾಡಿಸಿ. ಈಗಾಗಲೇ ಇರುವ ಕಾಯಿಲೆಗಳಿಗೆ ವಿಮೆ ಅನ್ವಯಿಸಲು ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಅಮ್ಮನ ಮಂಡಿ ನೋವಿನ ಶಸ್ತ್ರಚಿಕಿತ್ಸೆ ನಿಮ್ಮ ಎರಡನೆಯ ವರ್ಷದ ಬಂಡವಾಳವನ್ನು ನುಂಗಬಾರದು. ಸಾಲದ ಅಗತ್ಯವಿದ್ದರೂ ನೆನಪಿಡಿ: ಸಂಬಳದ ಚೀಟಿ ಇಲ್ಲದವರಿಗೆ ಬ್ಯಾಂಕುಗಳು ಎರಡು–ಮೂರು ವರ್ಷದ ಆದಾಯ ತೆರಿಗೆ ವಿವರ ಕೇಳುತ್ತವೆ.

ಯಾರಿಗೆ ಮಾರುವುದು: ಶಾಲೆಗೋ ಮಂಡಿಗೋ?

ಶಿಕ್ಷಕರೆಲ್ಲರೂ ಮೊದಲು ಶಾಲೆಗೇ ಮಾರಲು ಹೊರಡುತ್ತಾರೆ. ನಾನೂ ಹಾಗೆಯೇ ಹೊರಟವನು. ಶಾಲೆಯ ಒಳಗು ನಮಗೆ ಗೊತ್ತು. ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನದ ಅಂಕಗಳನ್ನು ಪುಸ್ತಕದಲ್ಲಿ ಬರೆದು, ಮತ್ತೆ ಸರ್ಕಾರದ ವಿದ್ಯಾರ್ಥಿ ದಾಖಲೆಯ ತಾಣವಾದ ಎಸ್‌ಎಟಿಎಸ್‌ನಲ್ಲಿ ತುಂಬಿ, ಮತ್ತೆ ಅಂಕಪಟ್ಟಿಯಲ್ಲಿ ಬರೆಯುವ ಯಾತನೆಯನ್ನು ಬೆಂಗಳೂರಿನ ಯಾವ ಎಂಜಿನಿಯರೂ ಅನುಭವಿಸಿಲ್ಲ. ಈ ಅರಿವೇ ನಮ್ಮ ಬಂಡವಾಳ.

ಆದರೆ ಗಣಿತದ ಮೇಷ್ಟ್ರಾಗಿ ಲೆಕ್ಕ ಹಾಕಿ. ಮಗುವಿಗೆ ವರ್ಷಕ್ಕೆ 40 ರೂಪಾಯಿ, ಶಾಲೆಯಲ್ಲಿ 300 ಮಕ್ಕಳು. ಒಂದು ಶಾಲೆಯಿಂದ 12,000. ನನ್ನ ಕೈಗೆ ಬರುತ್ತಿದ್ದ ಸಂಬಳ 25,000, ಎಂದರೆ ವರ್ಷಕ್ಕೆ 3 ಲಕ್ಷ. ಸರ್ವರ್, ಸಂದೇಶಗಳ ಖರ್ಚು, ಬಸ್ಸು, ಪೆಟ್ರೋಲು, ಲೆಕ್ಕಪರಿಶೋಧಕರ ಶುಲ್ಕ ಸೇರಿ 1.2 ಲಕ್ಷ. ಒಟ್ಟು 4.2 ಲಕ್ಷಕ್ಕೆ 35 ಶಾಲೆಗಳು ಬೇಕು. ಹಳೆಯ ಸಂಬಳಕ್ಕೆ ಸರಿಗಟ್ಟಲು ಮಾತ್ರ ಇಷ್ಟು. ಮೂವತ್ತೈದು ಶಾಲೆಗಳು ನಮ್ಮ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಹರಡಿಕೊಂಡಿರುತ್ತವೆ. ಒಂದೊಂದಕ್ಕೂ ನಾನು ಮೂರು ಸಲ ಹೋಗಬೇಕಾಯಿತು: ಮುಖ್ಯ ಶಿಕ್ಷಕರಿಗೆ ತೋರಿಸಲು, ಕಾರ್ಯದರ್ಶಿಯವರನ್ನು ಒಪ್ಪಿಸಲು, ಗುಮಾಸ್ತರಿಗೆ ಕಲಿಸಲು. ಗುಮಾಸ್ತರಿಗೆ ಕಲಿಸುವ ಭೇಟಿಯೇ ಮುಖ್ಯ. ಮುಂದಿನ ವರ್ಷ ನೀವು ಉಳಿಯುವಿರೋ ಇಲ್ಲವೋ ಎಂಬುದನ್ನು ನಿರ್ಧರಿಸುವವರು ಅವರೇ, ಕಾರ್ಯದರ್ಶಿಯಲ್ಲ.

ಶಾಲೆಗೆ ವರ್ಷದಲ್ಲಿ ಒಂದೇ ಬಾಗಿಲು. ಮಾರ್ಚ್‌ನಿಂದ ಜೂನ್‌ವರೆಗೆ ಅದು ತೆರೆದಿರುತ್ತದೆ; ಪ್ರವೇಶ ಶುಲ್ಕ ಬಂದಾಗ ಹಣವೂ ಇರುತ್ತದೆ. ಜುಲೈ ದಾಟಿದರೆ "ಮುಂದಿನ ವರ್ಷ ನೋಡೋಣ ಸರ್" ಎಂಬ ಒಂದೇ ಮಾತು. ಹೀಗಾಗಿ ಶಾಲೆಗಳನ್ನೇ ನಂಬಿ ಬಿಡುವವರ ಬಳಿ ಕನಿಷ್ಠ ಹದಿನಾಲ್ಕು ತಿಂಗಳ ಮನೆಖರ್ಚು ಇರಬೇಕು. ಒಂದು ಜೂನ್ ಕೈತಪ್ಪಿದರೆ ಇನ್ನೊಂದು ಜೂನ್ ಬರುವವರೆಗೆ ಬದುಕಬೇಕಲ್ಲ.

ಮಂಡಿ ಹಾಗಲ್ಲ. ಮೊದಲ ಮಂಡಿಗೆ ನಾನು ಹೋದದ್ದೇ ಆಕಸ್ಮಿಕ. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಕರೆದಿದ್ದರು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಒಂದೊಂದು ಬಗೆಗೂ ಬೇರೆ ದರ, ರೈತರ ಮುಂಗಡ, ಅದರ ಬಡ್ಡಿ, ಹಮಾಲಿ, ಕಮಿಷನ್. ಎಲ್ಲವೂ ಕೆಂಪು ಬಟ್ಟೆ ಸುತ್ತಿದ ಉದ್ದನೆಯ ಪುಸ್ತಕಗಳಲ್ಲಿ. ನನಗೆ ಅಡಿಕೆಯ ಬಗ್ಗೆ ಊಟದ ನಂತರದ ಒಂದು ಹೋಳಿಗಿಂತ ಹೆಚ್ಚು ಗೊತ್ತಿರಲಿಲ್ಲ. ಹದಿನೈದು ದಿನ ಅಲ್ಲೇ ಕುಳಿತು, ತಕ್ಕಡಿಯ ಪಕ್ಕದಲ್ಲಿ, ಅವರು ಬರೆಯುವುದನ್ನೇ ನೋಡಿದೆ. ನಂತರ ಬರೆದುಕೊಟ್ಟ ತಂತ್ರಾಂಶಕ್ಕೆ ಆರಂಭದಲ್ಲಿ 15,000, ಆಮೇಲೆ ತಿಂಗಳಿಗೆ 1,000. ವರ್ಷದ ಲೆಕ್ಕದಲ್ಲಿ ಒಂದು ಶಾಲೆಯಷ್ಟೇ. ಆದರೆ ಒಂದೇ ಬೀದಿಯಲ್ಲಿ ಹತ್ತು ಮಂಡಿಗಳಿರುತ್ತವೆ, ಹಣ ತಿಂಗಳು ತಿಂಗಳೂ ಬರುತ್ತದೆ, ನಿರ್ಧಾರ ಮಾಡುವವರೂ ಹಣ ಕೊಡುವವರೂ ಗಲ್ಲಾದ ಮೇಲೆ ಕುಳಿತ ಒಬ್ಬರೇ. "ಮೇಷ್ಟ್ರೇ, ನಾಳೆಯಿಂದ ಬನ್ನಿ" ಎಂದರೆ ಮುಗಿಯಿತು.

ಕಷ್ಟ ಬೇರೆ ಥರದ್ದು. ಕೊಯ್ಲಿನ ಹಂಗಾಮಿನಲ್ಲಿ ಮುದ್ರಣಯಂತ್ರ ಕೆಟ್ಟರೂ ನಿಮಗೇ ಕರೆ. ಒಂದು ಮಂಡಿಯ ಲೆಕ್ಕ ಇನ್ನೊಂದಕ್ಕೆ ಕಿವಿಮಾತಾಗಿ ಹೋಯಿತೆಂದರೆ ಇಡೀ ಬೀದಿಯೇ ಮುಚ್ಚುತ್ತದೆ. ಜೊತೆಗೆ, ಒಂದೊಂದು ಮಂಡಿಗೂ ಒಂದೊಂದು ಬದಲಾವಣೆ ಮಾಡಿಕೊಡುತ್ತ ಹೋದರೆ ಹತ್ತು ತಂತ್ರಾಂಶಗಳನ್ನು ಸಾಕಬೇಕಾಗುತ್ತದೆ. ಈ ತಪ್ಪನ್ನು ನಾನು ಒಂದೂವರೆ ವರ್ಷ ಮಾಡಿದೆ.

ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಮಂಡಿಯನ್ನು, ಅಥವಾ ನಿಮ್ಮ ಊರಿನಲ್ಲಿ ಅದಕ್ಕೆ ಸಮನಾದದ್ದನ್ನು, ಆರಿಸಲು ಹೇಳುತ್ತೇನೆ: ಪತ್ತಿನ ಸಹಕಾರ ಸಂಘ, ರೇಷ್ಮೆ ಗೂಡಿನ ವ್ಯಾಪಾರ, ಔಷಧಿ ಅಂಗಡಿ. ಶಾಲೆ ನಮ್ಮ ಹೃದಯಕ್ಕೆ ಹತ್ತಿರ, ಮನೆ ನಡೆಸುವುದು ಮಾತ್ರ ತಿಂಗಳು ತಿಂಗಳು ಬರುವ ಹಣ. ಇಬ್ಬರನ್ನೂ ಇಟ್ಟುಕೊಂಡರೆ ಒಳ್ಳೆಯದು. ಹಂಗಾಮುಗಳು ಬೇರೆ ಬೇರೆ: ಮಾರ್ಚ್–ಜೂನ್ ಶಾಲೆ, ಅಕ್ಟೋಬರಿನಿಂದಾಚೆ ಅಡಿಕೆ.

ಶಾಲೆಗೆ ಮಾರುವವರು ಒಂದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ನಿಮ್ಮ ಸರ್ವರ್‌ನಲ್ಲಿರುವುದು ಮಕ್ಕಳ ಹೆಸರು, ಜಾತಿ, ಆಧಾರ್ ಸಂಖ್ಯೆ, ಪೋಷಕರ ಮೊಬೈಲ್. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ವಿಶೇಷ ರಕ್ಷಣೆ ಕೊಟ್ಟಿದೆ, ದಂಡ ಕೋಟಿಗಳಲ್ಲಿದೆ. ಬೇಡದ ಮಾಹಿತಿಯನ್ನು ಸಂಗ್ರಹಿಸಲೇಬೇಡಿ. ನಾನು ಆಧಾರ್ ಮತ್ತು ಜಾತಿಯ ಅಂಕಣಗಳನ್ನು ತೆಗೆದುಹಾಕಿದೆ. ಅಂಕಪಟ್ಟಿಗೆ ಅವು ಬೇಕಿಲ್ಲ.

ಮೊಬೈಲ್ ಆ್ಯಪ್ ಮಾಡಿ ಪೋಷಕರಿಗೇ ನೇರವಾಗಿ ಮಾರುವ ದಾರಿಯನ್ನೂ ಕೇಳುತ್ತಾರೆ. ಪ್ಲೇ ಸ್ಟೋರ್‌ನಲ್ಲಿ ಖಾತೆ ತೆರೆಯಲು ಒಮ್ಮೆ 25 ಡಾಲರ್ ಸಾಕು, ಹೊಸ ವೈಯಕ್ತಿಕ ಖಾತೆಯಾದರೆ ಹನ್ನೆರಡು ಜನರಿಂದ ಹದಿನಾಲ್ಕು ದಿನ ಪರೀಕ್ಷೆ ಮಾಡಿಸಬೇಕು. ಬಾಗಿಲು ಅಗ್ಗ, ಒಳಗೆ ಜಾತ್ರೆ. ಜಾಹೀರಾತಿಗೆ ಹಣವಿಲ್ಲದ ಶಿಕ್ಷಕರಿಗೆ ನಾನು ಇದನ್ನು ಹೇಳುವುದಿಲ್ಲ.

ನೋಂದಣಿ, ತೆರಿಗೆ

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಒಬ್ಬರೇ ಆದರೆ ಏಕಮಾಲೀಕತ್ವದಿಂದ ಶುರು ಮಾಡಿ. ಸಣ್ಣ ಉದ್ದಿಮೆಗಳ 'ಉದ್ಯಮ್' ನೋಂದಣಿ ಸರ್ಕಾರದ ತಾಣದಲ್ಲಿ ಉಚಿತ. ಹಣ ಕೇಳುವ ತಾಣಗಳಿಂದ ದೂರವಿರಿ. ಏಕವ್ಯಕ್ತಿ ಕಂಪನಿಗೂ ಖಾಸಗಿ ನಿಯಮಿತ ಕಂಪನಿಗೂ ಲಾಭವಿರಲಿ ಇಲ್ಲದಿರಲಿ ಪ್ರತಿ ವರ್ಷ ಲೆಕ್ಕಪರಿಶೋಧನೆ ಮಾಡಿಸಿ ವಿವರ ಸಲ್ಲಿಸಬೇಕು. ಸಹೋದ್ಯೋಗಿಯೊಂದಿಗೆ ಸೇರಿ ಮಾಡುವುದಾದರೆ 2008ರ ಕಾಯ್ದೆಯ ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ) ಒಳ್ಳೆಯದು, ಆದರೆ ಯಾರ ಪಾಲು ಎಷ್ಟು, ಒಬ್ಬರು ಶಾಲೆಗೆ ಮರಳಿದರೆ ಕೋಡ್ ಯಾರದು ಎಂಬುದನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆದುಕೊಳ್ಳಿ.

ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಶಾಲೆಗೆ ಮಾರುವವರಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ನೀವು ವಿಧಿಸುವ ಶೇ. 18 ಶಾಲೆಗೆ ಮರಳಿ ಸಿಗುವುದಿಲ್ಲ, ನೇರ ಹೊರೆಯಾಗುತ್ತದೆ. ಜಿಎಸ್‌ಟಿ ಕಟ್ಟುವ ವ್ಯಾಪಾರಿಗೆ ಅದು ಮರಳಿ ಸಿಗುವುದರಿಂದ ಅವರು ಚಿಂತಿಸುವುದಿಲ್ಲ. ಆದಾಯ ತೆರಿಗೆಯಲ್ಲಿ, ಮಾಹಿತಿ ತಂತ್ರಜ್ಞಾನದ ವೃತ್ತಿಪರರಿಗೆ ಬಂದ ಹಣದ ಅರ್ಧವನ್ನು ಆದಾಯವೆಂದು ತೋರಿಸುವ ಸರಳ ಪದ್ಧತಿ 50 ಲಕ್ಷದವರೆಗೆ ಇದೆ. ನಿಮ್ಮದು ಅದರೊಳಗೆ ಬರುತ್ತದೆಯೇ ಎಂದು ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ.

ಯಾವಾಗ ಬಿಡುವುದು, ಮರಳುವ ದಾರಿ

ನಡುವರ್ಷದಲ್ಲಿ ಬಿಡಬೇಡಿ. ಹತ್ತನೆಯ ತರಗತಿಯ ಮಕ್ಕಳನ್ನು ಡಿಸೆಂಬರ್‌ನಲ್ಲಿ ಕೈಬಿಟ್ಟು ಬಂದವರಿಗೆ ಅದೇ ಊರಿನ ಇನ್ನೊಂದು ಶಾಲೆ ಬಾಗಿಲು ತೆರೆಯುವುದಿಲ್ಲ, ತೆರೆಯಲೂಬಾರದು. ಫೆಬ್ರವರಿಯಲ್ಲಿ ಮುಖ್ಯ ಶಿಕ್ಷಕರಿಗೆ ಹೇಳಿ, ಬದಲಿ ಶಿಕ್ಷಕರನ್ನು ಹುಡುಕಲು ಸಹಾಯ ಮಾಡಿ, ಫಲಿತಾಂಶ ಬಂದ ಮೇಲೆ ಹೊರಡಿ. ಹೊರಡುವಾಗ ಮೂರು ಕಾಗದ ಕೈಯಲ್ಲಿರಲಿ: ಬಿಡುಗಡೆ ಪತ್ರ, ಅನುಭವ ಪತ್ರ, ಸೇರುವಾಗ ಶಾಲೆಯಲ್ಲಿ ಇಟ್ಟುಕೊಂಡಿದ್ದ ನಿಮ್ಮ ಮೂಲ ಅಂಕಪಟ್ಟಿಗಳು.

ಸರ್ಕಾರಿ ಹುದ್ದೆ ಬಿಟ್ಟರೆ ಮರಳಿ ಸಿಗುವುದಿಲ್ಲವೆಂದೇ ತಿಳಿಯಿರಿ. ಖಾಸಗಿ ಶಾಲೆಯವರಿಗೆ ಹಿಂದಿರುಗುವ ದಾರಿ ತೆರೆದೇ ಇರುತ್ತದೆ. ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಪ್ರಮಾಣಪತ್ರಕ್ಕೆ ಮೊದಲು ಏಳು ವರ್ಷದ ಮಿತಿಯಿತ್ತು; 2021ರಲ್ಲಿ ಅದನ್ನು ಜೀವಿತಾವಧಿಗೆ ವಿಸ್ತರಿಸಿದರು. ಟಿಇಟಿ ಪಾಸಾಗದವರು ಸಂಬಳ ಬರುತ್ತಿರುವಾಗಲೇ ಬರೆದು ಮುಗಿಸಿ.

ನನ್ನ ಹಳೆಯ ಶಾಲೆಯವರು ಕಳೆದ ವರ್ಷ ಕರೆದರು. ಈಗ ಶನಿವಾರದ ಬೆಳಗಿನ ಶಾಲೆಗೆ ಹೋಗಿ ಹತ್ತನೆಯ ತರಗತಿಗೆ ಎರಡು ಅವಧಿ ಗಣಿತ ಮಾಡುತ್ತೇನೆ. ಶುಕ್ರವಾರ ರಾತ್ರಿ ಹತ್ತರ ನಂತರ ಬರುವ ಕರೆಗಳನ್ನು ನನ್ನ ಜೊತೆಗಾರ್ತಿ ತೆಗೆಯುತ್ತಾಳೆ.